ಒಣಮೀನಿನ ಮೇಲೆ ದೊಡ್ಡಪ್ಪನ ಬೂಟು

ಗೆಳೆಯರೇ, ಪ್ರವಾಸಿಗರನ್ನು ಕಂಡರಾಗದ ನಮ್ಮ ಹಾನುಬಾಳಿನ ದೊಡ್ಡಪ್ಪ ಇವತ್ತು ಸ್ವತಃ ಪ್ರವಾಸಿಯಾದರು. ಅವರ ಎಸ್ಟೇಟಿನ ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಯಾರಾದರೂ ಚಪ್ಪಲಿ ಕಾಲಲ್ಲಿ ನಿಂತು ಸೆಲ್ಫಿ ತೆಗೆದರೆ, ಬೈಗುಳ ಪಕ್ಕದ ತೋಟಕ್ಕೂ ಕೇಳಿಸುತ್ತದೆ.

ಬೆಳಿಗ್ಗೆ ಜೀಪಿನಲ್ಲಿ ಘಾಟಿ ಇಳಿದು ಕರಾವಳಿಯ ಒಂದು ಪುಟ್ಟ ಬಂದರಿಗೆ ಹೋಗಿದ್ದೆವು. ದೋಣಿಗಳೆಲ್ಲ ದಡದಲ್ಲಿದ್ದವು, ಊರು ತೂಕಡಿಸುತ್ತಿತ್ತು. ಬಂದರಿನಾಚೆ, ಮೂರು ಕಡೆ ಸಮುದ್ರವಿರುವ ನೆಲದ ತುದಿಯಲ್ಲಿ ದೊಡ್ಡಪ್ಪನಿಗೆ ಫೋಟೊ ಬೇಕಾಯಿತು. "ಇನ್ನೂ ಸಮುದ್ರ ಕಾಣ್ಲಿ ಕಣೋ" ಎನ್ನುತ್ತ ಹಿಂದೆ ಹಿಂದೆ ಸರಿದವರು, ಬಲೆಯ ಮೇಲೆ ಹರಡಿದ್ದ ಮೀನಿನ ನಡುವೆ ಬೂಟುಗಾಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟರು.

ಮೀನಿನ ಒಡತಿ ಓಡಿ ಬಂದಳು. "ಎಂಥ ಮಾರಾಯ್ರೆ, ಕಣ್ಣು ಕಾಣುದಿಲ್ವಾ ನಿಮಗೆ? ಒಣಗ್ಲಿಕ್ಕೆ ಹಾಕಿದ ಮೀನದು!"

"ಒಂದು ಫೋಟೊ ತಗಂಡ್ರೆ ನಿನ್ನ ಮೀನೇನು ಸವೆದು ಹೋಗ್ಬುಡ್ತದಾ?" ದೊಡ್ಡಪ್ಪ ಗುಡುಗಿದರು.

ಹೋದ ವಾರ ಅವರ ಕಣದಲ್ಲಿ ನಿಂತಿದ್ದ ಪ್ರವಾಸಿಯೊಬ್ಬ ಕಾಫಿಯ ಬಗ್ಗೆ ಇದೇ ಮಾತು ಹೇಳಿ ಉಗಿಸಿಕೊಂಡಿದ್ದ.

ಜೀಪು ಹತ್ತಿದವರೇ "ಊರಿಗೆ ಬಂದೋರ ಹತ್ರ ಮಾತಾಡೋ ರೀತಿನೇ ಗೊತ್ತಿಲ್ಲ ಈ ಜನಕ್ಕೆ" ಎಂದು ಗೊಣಗಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದರು. "ಗೇಟ್ ಹಾಕ್ಬುಡಿ. ಭಾನುವಾರ ಕಣ್ರೀ ಇವತ್ತು. ಕಣದಲ್ಲಿ ಕಾಫಿ ಐತೆ, ಈ ಟೂರಿಸ್ಟ್‌ಗಳಿಗೆ ಎಲ್ಲಿ ಕಾಲಿಡ್ಬೇಕು ಅನ್ನೋ ಜ್ಞಾನ ಇರಲ್ಲ."

ಅವರ ಬೂಟಿನಡಿ ಅಂಟಿದ್ದ ಮೀನಿನ ತಲೆಯೊಂದು ಸಕಲೇಶಪುರದವರೆಗೂ ಬಾಯಿ ಬಿಟ್ಟುಕೊಂಡೇ ಬಂತು.