ಹದಿನೈದು ನಿಮಿಷದ ಕುಚ್ಚಲಕ್ಕಿ

ತೆಕ್ಕಟ್ಟೆಗೆ ಬಂದ ಮೂರನೆಯ ಬೆಳಿಗ್ಗೆ ಅಂಗಳದಿಂದ "ಹ್ವಾಯ್" ಎಂದು ಹೆಂಗಸೊಬ್ಬರು ಕೂಗಿದ್ದು ಕೇಳಿ, ಯಾರೋ ಬಾವಿಗೆ ಬಿದ್ದರೆಂದೇ ಹೆದರಿ ಹೊರಗೆ ಓಡಿದೆ. ಕೂಗಿದವರು ಬುಟ್ಟಿ ಇಳಿಸಿ ನಗುತ್ತ ನಿಂತಿದ್ದರು. ಮುಚ್ಚಿದ್ದ ಎಲೆ ಸರಿಸಿದರು ನೋಡಿ, ಸಾಲಾಗಿ ಮಲಗಿದ್ದ ಬಂಗುಡೆ ಮೀನುಗಳೆಲ್ಲ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಹುಟ್ಟಿದಾಗಿನಿಂದ ಮೀನು ಮಾಂಸ ಕಾಣದ ನಾನು ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಅವರು ಎಲೆ ಮುಚ್ಚಿ, ಬುಟ್ಟಿ ಹೊತ್ತು ಹೋದರು. ಹ್ವಾಯ್ ಎಂದರೆ ನಮ್ಮ ಕಡೆಯ 'ಏನ್ರೀ' ಇದ್ದಂತೆ, ಬರೀ ಕರೆಯುವ ಮಾತು ಎಂದು ಆಮೇಲೆ ತಿಳಿಯಿತು. ಆ ಹೆಂಗಸಿನ ಹೆಸರು ಗಿರಿಜಕ್ಕ, ಪಕ್ಕದ ಮನೆಯವರು ಎನ್ನುವುದೂ ಆಮೇಲೆಯೇ.

ನನ್ನ ಗಂಡನಿಗೆ ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ನಮ್ಮ ಬಾಗಲಕೋಟೆಯ ಓಣಿಯಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡಿರುತ್ತದೆ. ಇಲ್ಲಿ ಒಂದೊಂದು ಮನೆಗೂ ತನ್ನದೇ ಬಾವಿ, ತನ್ನದೇ ತೆಂಗು, ತನ್ನದೇ ಬೇಲಿ. ಜಗುಲಿಯ ಮೇಲೆ ಕೂತು ದಾರಿಹೋಕರನ್ನು ಮಾತಾಡಿಸೋಣವೆಂದರೆ ದಾರಿಯೇ ಕಾಣುವುದಿಲ್ಲ. ನನ್ನ ಗಂಡ ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ನಾನು ಒಬ್ಬಳೇ. ಅಳು ಬರುತ್ತಿತ್ತು, ಅಳುತ್ತಿದ್ದೆ. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ.

ಆನ್‌ಲೈನ್ ಅಂಗಡಿಗಳು ಆಗತಾನೇ ಮನೆಮಾತಾಗುತ್ತಿದ್ದ ಕಾಲ ಅದು. ಬೆಂಗಳೂರಿನ ಒಂದು ಕಂಪನಿಗೆ ಮನೆಯಲ್ಲೇ ಕೂತು ಬರೆದುಕೊಡುವವರು ಬೇಕಿತ್ತು. ಇಂಗ್ಲಿಷ್ ಬಿ.ಎ. ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು. ಅವರು ಸಾಮಾನಿನ ಫೋಟೋ ಕಳಿಸುತ್ತಿದ್ದರು, ಜೊತೆಗೆ ಒಂದು ಪಟ್ಟಿ. ಪಟ್ಟಿಯಲ್ಲಿ ಇರುತ್ತಿದ್ದದ್ದು ಕೀವರ್ಡುಗಳು, ಅಂದರೆ ಕೊಳ್ಳುವವರು ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಒತ್ತುವ ಪದಗಳು. ಅಷ್ಟೂ ಪದಗಳು ನನ್ನ ಬರಹದಲ್ಲಿ ಎಲ್ಲೋ ಒಂದು ಕಡೆ ಕೂರಲೇಬೇಕು, ಮುಖ್ಯವಾದದ್ದು ಎರಡು ಸಲ. ಆಗ ಹುಡುಕಿದವರ ಕಣ್ಣಿಗೆ ನಮ್ಮ ಸಾಮಾನೇ ಮೊದಲು ಬೀಳುತ್ತದೆ. ಇಂಟರ್‌ನೆಟ್ಟಿನ ಡಾಂಗಲ್‌ಗೆ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಅಲ್ಲಿ ಕೂತು, ಮೆಟ್ಟದ ಬೂಟನ್ನೂ ಮೂಸದ ಸೆಂಟನ್ನೂ ಹೊಗಳಿದ್ದೇ ಹೊಗಳಿದ್ದು.

ಆ ಕಿಟಕಿಯಿಂದಲೇ ಗಿರಿಜಕ್ಕನ ಪರಿಚಯ ಬೆಳೆಯಿತು. ಗಂಡ ತೀರಿಕೊಂಡಿದ್ದ ಅವರು ಒಬ್ಬರೇ ಇದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದರಿಗೆ ಹೋಗಿ, ಮೀನು ತಂದು, ಮನೆ ಮನೆ ಮಾರಿ ಮಧ್ಯಾಹ್ನ ವಾಪಸಾಗುವರು. ಬುಟ್ಟಿಯನ್ನು ಬೇಲಿಯಾಚೆಗೇ ಬಿಟ್ಟು ಕಿಟಕಿಯ ಹತ್ತಿರ ಬಂದು ಮಾತಾಡುವರು. ಅವರ ವೇಗದ ಕುಂದಾಪ್ರ ಕನ್ನಡ ನನಗೆ ಅರ್ಧ, ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು. ಮಿಕ್ಕಿದ್ದನ್ನು ನಗು ತುಂಬುತ್ತಿತ್ತು. ಇಡೀ ದಿನದಲ್ಲಿ ನಾನು ಬಾಯಿ ಬಿಟ್ಟು ಆಡುತ್ತಿದ್ದ ಮಾತು ಅಷ್ಟೇ. ಊಟಕ್ಕೆ ಬನ್ನಿ ಎಂದು ಮೊದಮೊದಲು ಕರೆದರು. ನಾನು ಏನೋ ಒಂದು ನೆವ ಹೇಳಿದೆ. ಊರಿಂದ ಬಸ್ಸಿನಲ್ಲಿ ಬರುತ್ತಿದ್ದ ಜೋಳದ ಹಿಟ್ಟಿನ ರೊಟ್ಟಿಯನ್ನೇ ಎರಡು ವರ್ಷ ತಿಂದೆ.

ಒಂದು ದಿನ ನಾನು ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಬಗ್ಗೆ ಬರೆಯುತ್ತಿದ್ದಾಗ ಅವರು ಬಂದರು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರು. ಜಂಬದಿಂದ ಕನ್ನಡದಲ್ಲಿ ಹೇಳಿದೆ: ಬಾಸುಮತಿ, ಸೋನಾ, ಕುಚ್ಚಲಕ್ಕಿ, ಯಾವ ಅಕ್ಕಿಯಾದರೂ ಹದಿನೈದೇ ನಿಮಿಷ. ಕುಚ್ಚಲಕ್ಕಿಯೂ ಬೇಯುತ್ತದೆಯೇ ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ. ಕುಚ್ಚಲಕ್ಕಿ ನನ್ನ ಪಟ್ಟಿಯಲ್ಲಿತ್ತು. ನಾನು ಉಂಡಿರಲಿಲ್ಲ, ಬೇಯಿಸಿಯೂ ಇರಲಿಲ್ಲ. ಬಿಸಿಲಲ್ಲಿ ತಿರುಗಿ ಬಂದು ಒಂದು ಗಂಟೆ ಒಲೆ ಊದುವ ಅವರಿಗೆ ಹದಿನೈದು ನಿಮಿಷ ಎಂದರೆ ಎಷ್ಟೆಂದು ನಾನು ಯೋಚಿಸಲಿಲ್ಲ. ನನ್ನ ಕೈಯಲ್ಲೇ ಆರ್ಡರ್ ಮಾಡಿಸಿದರು. ಕೊರಿಯರಿನವರು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಕುಂದಾಪುರಕ್ಕೆ ಹೋಗಿ, ಡಬ್ಬವನ್ನು ತಲೆಯ ಮೇಲಿಟ್ಟುಕೊಂಡು ಬಂದರು.

ಆಮೇಲೆ ನಾಲ್ಕು ದಿನ ಕಿಟಕಿಯ ಹತ್ತಿರ ಯಾರೂ ಬರಲಿಲ್ಲ. ಮೈ ಹುಷಾರಿಲ್ಲವೇನೋ ಅಂದುಕೊಂಡೆ. ಆದರೆ ಬೇಲಿಯಾಚೆ ಅವರು ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಐದನೆಯ ದಿನ ತಡೆಯಲಾರದೆ, ಮೊದಲ ಸಲ ಅವರ ಮನೆಯ ಮೆಟ್ಟಿಲು ಹತ್ತಿದೆ. ಕುಕ್ಕರು ತೊಳೆದು ಥರ್ಮಾಕೋಲ್ ಸಮೇತ ಡಬ್ಬದೊಳಗೆ ಸೇರಿತ್ತು. ಮಗಳನ್ನು ಕೊಟ್ಟ ಮನೆಯವರು ಬೈಂದೂರಿನಿಂದ ಊಟಕ್ಕೆ ಬಂದಿದ್ದರಂತೆ. ನನ್ನ ಮಾತು ನಂಬಿದ ಗಿರಿಜಕ್ಕ, ಅವರು ಬಂದು ಕೂತ ಮೇಲೆ ಅಕ್ಕಿ ಹಾಕಿದ್ದಾರೆ. ನೀರು ಉಕ್ಕಿ ಚೆಲ್ಲಿದೆ, ಅಕ್ಕಿ ಒಳಗೆ ಕಲ್ಲಾಗಿಯೇ ಉಳಿದಿದೆ. ಬೀಗರು ಅರ್ಧ ಬೆಂದ ಅನ್ನವನ್ನೇ ಮರ್ಯಾದೆಗೆ ಉಂಡು ಎದ್ದಿದ್ದಾರೆ.

"ನೀವ್ ಬೇಯ್ಸಿ ಕಂಡಿದ್ರ್ಯಾ?" ಎಂದರು ಗಿರಿಜಕ್ಕ.

"ಇಲ್ರಿ ಅಕ್ಕಾರ."

"ಉಂಡಾರೂ ಕಂಡಿದ್ರ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ನಾನ್ ನಿನ್ನೆ ಮೀನನ್ನ್ ಇವತ್ತಿಂದ್ ಅಂದ್ರೆ ನಾಳೆ ಯಾರೂ ಬಾಗ್ಲ್ ತೆಗೂದಿಲ್ಲೆ, ಅಮ್ಮ."

ಅವರು ದನಿ ಏರಿಸಿದ್ದರೆ ಸಹಿಸಬಹುದಿತ್ತು. ಅಕ್ಕಿ ಹೇಗೆ ಬೇಯಿಸುವುದೆಂದು ಕಲಿಸಿರಿ, ಇವತ್ತು ಇಲ್ಲೇ ಉಣ್ಣುತ್ತೇನೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಮೀನಿನ್ ಮನಿ ಅಂದ್ ನೀವ್ ಬಪ್ಪುದಿಲ್ಲೆ ಅಂದ್ ಎಣ್ಸ್ಕಂಡಿದ್ದೆ. ನಮ್ಮನಿ ನೀರೂ ಕುಡಿಲಿಲ್ಲ್ಯಲೆ."

ನಾಚಿಕೆಯಿಂದ ಕುಗ್ಗಿಹೋದೆ. ಎರಡು ವರ್ಷ ನನ್ನನ್ನು ಕರೆಯುವವರಿಲ್ಲವೆಂದು ಅತ್ತವಳು ನಾನು. ಕರೆದ ಒಬ್ಬರೇ ಒಬ್ಬರ ಮನೆಗೆ ಹೋಗದೆ ಇದ್ದವಳೂ ನಾನೇ.

ಅಂದು ಒಲೆಯ ಮುಂದೆ ಒಂದೂಕಾಲು ಗಂಟೆ ಕೂತೆ. ಕೆಂಪು ಅಕ್ಕಿ ಅರಳುವುದನ್ನು ಕಂಡೆ, ಗಂಜಿ ಬಸಿಯುವುದನ್ನು ಕಲಿತೆ. ಮಾವಿನ ಮಿಡಿ ನಂಚಿಕೊಂಡು ಉಂಡೆ. ರೊಟ್ಟಿಗೆ ಪಳಗಿದ ನಾಲಿಗೆಗೆ ಅದು ಮೊದಲು ಸಪ್ಪೆ ಎನಿಸಿತು, ನಾಲ್ಕು ತುತ್ತಾದ ಮೇಲೆ ಹೊಟ್ಟೆ ತಣ್ಣಗಾಯಿತು. ಮರುದಿನವೇ ಕುಕ್ಕರಿನ ಬರಹ ತಿದ್ದಿ, ಇದು ಕುಚ್ಚಲಕ್ಕಿಗೆ ಆಗುವಂಥದ್ದಲ್ಲ ಎಂದು ಬರೆದು ಕಳಿಸಿದೆ. ಬೆಂಗಳೂರಿನ ಹುಡುಗಿ ಫೋನು ಮಾಡಿ, ಹಾಗೆ ಬರೆದರೆ ಸಾಮಾನು ಹೋಗುವುದಿಲ್ಲ, ಹೆಚ್ಚು ಜನ ಹುಡುಕುವುದೇ ಆ ಪದವನ್ನು ಎಂದು ವಿನಯದಿಂದಲೇ ಹೇಳಿದಳು. ಹಳೆಯ ಸಾಲನ್ನೇ ಮತ್ತೆ ಹಾಕಿದರು. ಅಡುಗೆ ಸಾಮಾನು ಇನ್ನು ನನಗೆ ಕಳಿಸಬೇಡಿ ಎಂದೆ. ಅಂದಿನಿಂದ ಬರೆಯಲು ಮೊಬೈಲ್ ಕವರುಗಳು ಬರುತ್ತಿವೆ. ಅವನ್ನು ಯಾರೂ ಬೇಯಿಸುವುದಿಲ್ಲವಲ್ಲ. ಬಳಸಿದ ಕುಕ್ಕರನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಗಿರಿಜಕ್ಕ ಅದರಲ್ಲಿ ಕಾಲಿಗೆ ಬಿಸಿನೀರು ಕಾಯಿಸಿಕೊಳ್ಳುತ್ತಾರೆ.

ಹೋದ ಸೋಮವಾರ ವರ್ಗಾವಣೆಯ ಪಟ್ಟಿ ಬಂತು. ಎರಡು ಸಲ ಅರ್ಜಿ ಹಾಕಿ ಕಾದಿದ್ದ ಬಾಗಲಕೋಟೆಯೇ ಸಿಕ್ಕಿದೆ. ಅವ್ವ ಫೋನಿನಲ್ಲಿ ಖುಷಿಯಿಂದ ಅತ್ತಳು, ನಾನೂ ಅತ್ತೆ. ನನ್ನ ಅಳು ಯಾವುದಕ್ಕೆಂದು ನನಗೇ ಸರಿಯಾಗಿ ತಿಳಿಯಲಿಲ್ಲ. ನನ್ನ ಗಂಡನ ಬಾಯಿಂದ ಊರಿಗೆಲ್ಲ ಗೊತ್ತಾಗುವ ಮೊದಲು ಗಿರಿಜಕ್ಕನಿಗೆ ನಾನೇ ಹೇಳಬೇಕೆಂದು ಮಧ್ಯಾಹ್ನ ಹೋದೆ. ಒಲೆಯ ಮೇಲೆ ಹೊಸ ಮಣ್ಣಿನ ಗಡಿಗೆಯಿತ್ತು. ಶನಿವಾರದ ಸಂತೆಯಿಂದ ತಂದು, ಎರಡು ದಿನ ನೀರಿನಲ್ಲಿಟ್ಟು ಪಳಗಿಸಿದ್ದರಂತೆ.

"ಇದ್ರಗೆ ಮೀನ್ ಬೇಯ್ಸೂದಿಲ್ಲೆ," ಎಂದರು. "ಇದ್ ನಿಮ್ದೇ."

ಅದರಲ್ಲಿ ಬೆಂದ ಅನ್ನವನ್ನು ಎರಡು ಸಲ ಬಡಿಸಿಕೊಂಡು ಉಂಡೆ. ತಟ್ಟೆ ತೊಳೆದಿಟ್ಟು, ಹೇಳಲು ಬಂದದ್ದನ್ನು ಹೇಳದೆ ಮನೆಗೆ ಬಂದೆ.