ಬೇವಿನ ಮರಕ್ಕೆ ಸಿಕ್ಕ ಡ್ರೋನ್

ಗೆಳೆಯರೇ, ಇವತ್ತು ಮುಕ್ಕುಂದದ ನಮ್ಮ ಭತ್ತದ ಗದ್ದೆಗೆ ಔಷಧಿ ಹೊಡೆಯಲು ಬಾಡಿಗೆ ಡ್ರೋನ್ ಕರೆಸಿದ್ದೆ. ಹನ್ನೆರಡು ವರ್ಷ ಬೆನ್ನ ಮೇಲೆ ಪಂಪು ಹೊತ್ತು ಈ ಕೆಲಸ ಮಾಡುತ್ತಿದ್ದ ಹುಸೇನಪ್ಪ ಬದುವಿನ ಮೇಲೆ ಸುಮ್ಮನೆ ಕುಳಿತು ನೋಡುತ್ತಿದ್ದ. ಅರ್ಧ ಗದ್ದೆ ಮುಗಿಸಿ ತಿರುಗುವಾಗ ಡ್ರೋನ್ ಬೇವಿನ ಮರಕ್ಕೆ ಸಿಕ್ಕಿಕೊಂಡಿತು. ಅದನ್ನು ತಂದವನಿಗೆ ಮರ ಹತ್ತಲು ಬಾರದು. ನನಗೆ ಹೊಟ್ಟೆ ಅಡ್ಡ.

“ಹುಸೇನಪ್ಪಾ, ಹತ್ತಿ ಇಳಿಸೋ,” ಎಂದೆ.

“ಹಾರಾಕ ಅದು, ಹತ್ತಾಕ ನಾನೇನ್ರೀ?”

ಆದರೂ ಹತ್ತಿ ಇಳಿಸಿದ. ರೆಕ್ಕೆ ಮುರಿದಿತ್ತು. ಉಳಿದರ್ಧ ನೀನೇ ಹೊಡಿ ಎಂದೆ.

“ಹೊಡೀತೀನ್ರೀ. ಆದ್ರ ಡ್ರೋನಿಗೆ ಕೊಡೋ ಬಾಡಿಗಿನ ನನಗೂ ಕೊಡ್ರಿ.”

ಒಪ್ಪದೆ ಗತಿಯಿರಲಿಲ್ಲ. ಸಂಜೆ ಹೊರಡುವಾಗ ಕೇಳಿದ: “ಸಾವ್ಕಾರ್ರ, ಬದುವಿನ ತುಂಬ ಬೇವಿನ ಗಿಡ ಹಚ್ಚಲೇನ್ರೀ?”

ಪರಿಸರದ ಮೇಲೆ ಇವನಿಗೆ ಇಷ್ಟು ಪ್ರೀತಿ ಇರುವುದು ಇವತ್ತೇ ಗೊತ್ತಾಯಿತು.