ಎರಡನೆಯ ಹಾಳೆ

ಕಳೆದ ವಾರ ಡ್ಯಾಂಡಿನಾಂಗ್‌ಗೆ ಹೋಗುವ ಟ್ರೇನಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಪುಟ್ಟ ಡಬ್ಬಿಯೊಂದನ್ನು ತೆಗೆದು ಎರಡೂ ಕಣತಲೆಗೆ ಮುಲಾಮು ಹಚ್ಚಿಕೊಂಡಳು. ಕರ್ಪೂರ, ಪುದೀನ, ಇನ್ನೇನೋ ಒಂದು ಖಾರ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೆಲ್ಬರ್ನಿನಲ್ಲಿರಲಿಲ್ಲ. ಸಿಡ್ನಿಯ ಎಪ್ಪಿಂಗ್‌ನಲ್ಲಿ, ನಾಲ್ಕನೆಯ ಮಹಡಿಯಲ್ಲಿ, ಎದುರುಮನೆಯಾಕೆಯ ಊಟದ ಮೇಜಿನ ಮುಂದಿದ್ದೆ.

ಏಳು ವರ್ಷದ ಹಿಂದಿನ ಮಾತು. ನಮ್ಮ ಬಾಗಿಲು ತೆರೆದರೆ ಆಕೆಯ ಬಾಗಿಲು. ಚೀನಾದಲ್ಲಿ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ ಮಾಡಿದವಳು, ಇಲ್ಲಿಗೆ ಬಂದು ಅದೇ ವಿಷಯದಲ್ಲಿ ಇನ್ನೊಂದು ಡಿಗ್ರಿ ಮುಗಿಸಿದ್ದಳು. ಜೊತೆಗೆ ಹನ್ನೆರಡನೇ ತರಗತಿಯಲ್ಲಿದ್ದ ಮಗಳು. ಗಂಡನ ವಿಷಯ ಆಕೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಬೇಕಾದ ಎಲ್ಲವೂ ಆಕೆಯ ಬಳಿ ಇದ್ದವು, ಇಂಗ್ಲಿಷ್ ಪರೀಕ್ಷೆಯ ಒಂದು ಅರ್ಧ ಅಂಕದ ಹೊರತು. ಓದುವುದು, ಕೇಳುವುದು, ಮಾತಾಡುವುದು ಎಲ್ಲದರಲ್ಲೂ ಪಾಸು. ಪ್ರಬಂಧದಲ್ಲಿ ಮಾತ್ರ ಏಳು ಬೇಕಾದಲ್ಲಿ ಪ್ರತಿಸಲ ಆರೂವರೆ. ಆಗಸ್ಟಿನಲ್ಲಿ ಆಕೆಗೆ ನಲವತ್ತೈದು ತುಂಬುತ್ತಿತ್ತು. ಆಮೇಲೆ ಅರ್ಜಿ ಹಾಕುವಂತೆಯೇ ಇಲ್ಲ.

ನಾನು ಧಾರವಾಡದ ಕಾಲೇಜಿನಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದವಳು ಎಂದು ಲಿಫ್ಟಿನಲ್ಲಿ ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಆಕೆಗೆ ನಾನು ಟೀಚರ್. ಸಿಡ್ನಿಯಲ್ಲಿ ನಾನು ಮಾಡುತ್ತಿದ್ದುದು ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ದೂರಿಗೆ ಇಮೇಲ್‌ನಲ್ಲಿ ಉತ್ತರ ಬರೆಯುವ ಕೆಲಸ. ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಟೀಚರ್ ಅಂದರೆ ಟೀಚರ್.

ಶನಿವಾರ ಬೆಳಿಗ್ಗೆ ಆಕೆಯ ಮನೆಯಲ್ಲಿ ಪಾಠ. ಮೇಜಿನ ತುಂಬ ಪದಗಳ ಚೀಟಿ. ಒಂದು ಬದಿಗೆ ಇಂಗ್ಲಿಷ್, ಇನ್ನೊಂದು ಬದಿಗೆ ಆಕೆಯ ಲಿಪಿ, ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಎಷ್ಟು ಸಲ ಮರೆತೆ ಎಂಬ ಗೀಟು. ಹಳೆಯ ಇಂಗ್ಲಿಷ್ ಪ್ರಬಂಧಗಳನ್ನು ಸಾಲುಸಾಲಾಗಿ ಕೈಯಲ್ಲಿ ನಕಲು ಮಾಡುತ್ತಿದ್ದಳು. ನನಗೇ ಗೊತ್ತಿಲ್ಲದ ಪದಗಳು ಆಕೆಗೆ ಗೊತ್ತಿದ್ದವು. ಆದರೆ ಆ ಪದಗಳನ್ನು ಆಕೆ ಮಾತಿಗೂ ತರುತ್ತಿದ್ದಳು. ಆಕೆಯ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: "ಟೀಚರ್, ಇಂದಿನ ಹವಾಮಾನವು ಅಂತಃಕರಣಕ್ಕೆ ಆಹ್ಲಾದವನ್ನುಂಟುಮಾಡುತ್ತಿದೆ."

ಅದೇ ತೊಂದರೆಯಾಗಿತ್ತು. ಪ್ರಬಂಧದಲ್ಲಿ ಒಂದೊಂದು ಪದವೂ ರೇಷ್ಮೆ ಸೀರೆ ಉಟ್ಟು ನಿಂತಿರುತ್ತಿತ್ತು. ನಾನು ಗೀಟು ಹಾಕಿ, "ಇದು ಬೇಡ, ಸುಮ್ಮನೆ 'ಹೆಲ್ಪ್' ಅಂತ ಬರಿ" ಎನ್ನುತ್ತಿದ್ದೆ. ಆಕೆಗೆ ಮೈಮೇಲಿನ ಒಡವೆ ಕಿತ್ತಷ್ಟು ನೋವು. "ಸಣ್ಣ ಪದ ಬರೆದರೆ ನನಗೆ ದೊಡ್ಡ ಪದ ಗೊತ್ತಿಲ್ಲ ಎಂದು ಅವರು ತಿಳಿಯುವುದಿಲ್ಲವೇ?" ಎಂದು ಕೇಳುತ್ತಿದ್ದಳು. 'ಎ', 'ದಿ'ಗಳ ಕಾಟ ಬೇರೆ. ನಮ್ಮ ಭಾಷೆಯಲ್ಲೂ ಅವಿಲ್ಲ ಎಂದಾಗ ಆಕೆಗೆ ಎಂಥ ಸಮಾಧಾನ! ತಮ್ಮ ಕ್ರಿಯಾಪದಗಳು ನಿನ್ನೆಗೂ ನಾಳೆಗೂ ಬದಲಾಗುವುದಿಲ್ಲ, 'ನಿನ್ನೆ' ಎಂಬ ಮಾತೊಂದೇ ಸಾಕು ಎಂದು ವಿವರಿಸಿದ್ದಳು. ತಲೆ ಸಿಡಿಯತೊಡಗಿದಾಗ ಆ ಮುಲಾಮಿನ ಡಬ್ಬಿ ತೆಗೆಯುತ್ತಿದ್ದಳು. ನನಗೂ ಚಾಚುತ್ತಿದ್ದಳು.

ಮಗಳ ಇಂಗ್ಲಿಷ್ ಇಲ್ಲಿನವರದೇ. ಆದರೆ ಅಮ್ಮನ ಪ್ರಬಂಧ ಓದಲು ಕೂತರೆ ಎರಡೇ ನಿಮಿಷಕ್ಕೆ ಆ ಹುಡುಗಿಗೆ ನಗು ಬರುತ್ತಿತ್ತು, ಅಮ್ಮನಿಗೆ ಮುಖ ಬಾಡುತ್ತಿತ್ತು. ಹಾಗಾಗಿ ಅವಳು ನಮ್ಮ ಮನೆಗೆ ಬಂದು ಬಿಡುತ್ತಿದ್ದಳು. ಆರು ವರ್ಷದ ನನ್ನ ಮಗಳು ಅವಳ ಬೆನ್ನು ಬಿಡುತ್ತಿರಲಿಲ್ಲ.

ಆ ವರ್ಷ ಮೇ ತಿಂಗಳಿಂದ ನಾನು ಬಹಳ ದಣಿದಿದ್ದೆ. ಆಫೀಸಿನಲ್ಲಿ ಇಬ್ಬರು ಬಿಟ್ಟುಹೋಗಿದ್ದರು, ಅವರ ದೂರುಗಳೂ ನನ್ನ ಪಾಲಿಗೆ ಬಂದಿದ್ದವು. ಅಕ್ಷರ ಕಂಡರೇ ವಾಕರಿಕೆ. ಒಂದು ಶನಿವಾರ ನೆಗಡಿ ಅಂದೆ, ಇನ್ನೊಂದು ಶನಿವಾರ ನೆಂಟರು ಅಂದೆ... ಆಕೆ ಒತ್ತಾಯಿಸಲಿಲ್ಲ. ಜೂನ್ ಕೊನೆಯ ಒಂದು ಶುಕ್ರವಾರ ಸಂಜೆ ಬಾಗಿಲು ತಟ್ಟಿ, ಮಡಿಚಿದ ಎರಡು ಹಾಳೆ ಕೊಟ್ಟಳು. ಮುಂದಿನ ತಿಂಗಳು ಆಕೆಯ ಕೊನೆಯ ಪರೀಕ್ಷೆ.

"ಈ ಪ್ರಬಂಧವನ್ನು ತಾವು ಕೊನೆಯವರೆಗೆ ಓದಬೇಕೆಂದು ವಿನಂತಿ. ಅವಸರವಿಲ್ಲ."

ಓದುತ್ತೇನೆ ಅಂದೆ. ಶನಿವಾರ ಬಟ್ಟೆ ಒಗೆಯುವುದಿತ್ತು, ಭಾನುವಾರ ಮಲಗಿಬಿಟ್ಟೆ. ಸೋಮವಾರ ಬೆಳಿಗ್ಗೆ ಟ್ರೇನಿನಲ್ಲಿ ಮೊದಲ ಹಾಳೆಯ ಅರ್ಧ ಓದಿದೆ. ನಗರಗಳಲ್ಲಿ ಅಕ್ಕಪಕ್ಕದ ಮನೆಯವರಿಗೆ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ, ಇದಕ್ಕೆ ಕಾರಣವೇನು ಎಂಬ ವಿಷಯ. ಪರೀಕ್ಷೆಗೆ ಓದುವವರೆಲ್ಲ ಬರೆಯುವಂಥದ್ದೇ. ಚಾಟ್ಸ್‌ವುಡ್ ಬಂತು. ಮಡಿಚಿ ಬ್ಯಾಗಿನ ಬದಿ ಜೇಬಿಗೆ ಹಾಕಿದೆ.

ಅಂದು ಸಂಜೆ ಲಿಫ್ಟಿನ ಮುಂದೆ ಆಕೆ ಕಾಯುತ್ತಿದ್ದಳು. ನನಗಾಗಿಯೇ ಕಾಯುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಕೈಗಳನ್ನು ಒಂದರಲ್ಲೊಂದು ಹಿಡಿದಿದ್ದಳು. "ಟೀಚರ್, ತಾವು ಓದಿದಿರಾ?"

"ಓದಿದೆ, ತುಂಬಾ ಚೆನ್ನಾಗಿದೆ. ನಾನು ಹೇಳೋದು ಏನೂ ಇಲ್ಲ" ಅಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಮೇಲಕ್ಕೆ ಹೋಯಿತು. ನಾವಿಬ್ಬರೂ ಹತ್ತಲಿಲ್ಲ. ಕೊನೆಗೆ ತಲೆ ಬಾಗಿಸಿ, "ನನಗೆ ಅರ್ಥವಾಯಿತು" ಎಂದಳು. ಹಾಳೆ ವಾಪಸು ಕೊಡುತ್ತೇನೆ ಅಂದರೆ ಬೇಡ ಎಂದಳು. ಪಾಪ, ಪರೀಕ್ಷೆಯ ಹೆದರಿಕೆ ಅಂದುಕೊಂಡೆ ನಾನು.

ಜುಲೈನಲ್ಲಿ ಮತ್ತೆ ಆರೂವರೆ ಬಂತು. ವೀಸಾ ಮುಗಿಯುವುದರಲ್ಲಿತ್ತು. ಆಗಸ್ಟಿನಲ್ಲಿ ತಾಯಿಮಗಳು ಹೊರಟರು, ಮಗಳ ಹನ್ನೆರಡನೆಯ ಪರೀಕ್ಷೆಗೆ ಎರಡೇ ತಿಂಗಳಿರುವಾಗ. ಆ ಹುಡುಗಿ ಯಾರನ್ನೂ ನೋಡದೆ ಸೂಟ್‌ಕೇಸ್ ಎಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು ನಾನು ಆಕೆಯ ಕೈ ಹಿಡಿದುಕೊಂಡು, "ಏನು ಸಹಾಯ ಬೇಕಿದ್ದರೂ ಕೇಳು, ಸಂಕೋಚ ಮಾಡಿಕೋಬೇಡ" ಅಂದೆ. ಆಕೆ ನಕ್ಕಳು. ಆ ನಗುವಿನ ಅರ್ಥ ಆಗ ತಿಳಿಯಲಿಲ್ಲ. ತಿಳಿದಿದ್ದರೆ...

ಡಿಸೆಂಬರಿನಲ್ಲಿ ನಮ್ಮ ಮನೆಯವರಿಗೆ ಮೆಲ್ಬರ್ನಿನಲ್ಲಿ ಕೆಲಸವಾಯಿತು. ಸಾಮಾನು ಕಟ್ಟುವಾಗ ಅವರು ನನ್ನ ಹಳೆಯ ಬ್ಯಾಗನ್ನು ಕೊಡವಿದರು. ಎರಡು ಹಾಳೆ ಬಿದ್ದವು. ನಿಂತಲ್ಲೇ ಓದಿದರು. ಎರಡನೆಯದನ್ನು ಮತ್ತೊಮ್ಮೆ ಓದಿದರು.

"ಇದನ್ನ ನೀ ಓದಿದ್ದೇನು?"

"ಅರ್ಧ ಓದಿದ್ದೆ. ಯಾಕ್ರೀ?"

"ಆಕಿಗೆ ಏನಂತ ಹೇಳಿದಿ?"

"ಚಲೋ ಆಗೇತಿ, ನಾ ಹೇಳೋದು ಏನೂ ಇಲ್ಲ ಅಂದೆ."

ಅವರು ಹಾಳೆ ನನ್ನ ಕೈಗಿತ್ತು ಬಾಲ್ಕನಿಗೆ ಹೋದರು.

ಎರಡನೆಯ ಹಾಳೆಯ ಮಧ್ಯದಲ್ಲಿ ಪ್ರಬಂಧ ನಿಂತಿತ್ತು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಬೇರೆಯದೇ ಇಂಗ್ಲಿಷ್. ದೊಡ್ಡ ಪದ ಒಂದೂ ಇರಲಿಲ್ಲ. 'ಟೀಚರ್, ಇದನ್ನು ಬಾಯಲ್ಲಿ ಕೇಳಲು ನಾಚಿಕೆ. ನಾನು ಫೇಲ್ ಆದರೆ ಹೋಗಬೇಕು. ಮಗಳು ಬೇರೆ ವೀಸಾದಲ್ಲಿ ಉಳಿದು ಪರೀಕ್ಷೆ ಬರೆಯಬಹುದು. ಆದರೆ ಅವಳಿಗೆ ಹದಿನೆಂಟು ಆಗಿಲ್ಲ. ಒಂದು ಮನೆ ಬೇಕು. ನವೆಂಬರ್‌ವರೆಗೆ ಮಾತ್ರ. ಅವಳು ಸ್ವಲ್ಪ ತಿನ್ನುತ್ತಾಳೆ, ಹೆಚ್ಚು ಮಾತಾಡುವುದಿಲ್ಲ. ಆಗದಿದ್ದರೆ ಏನೂ ಹೇಳಬೇಡಿ. ನನಗೆ ಅರ್ಥವಾಗುತ್ತದೆ.'

ವ್ಯಾಕರಣದ ತಪ್ಪು ಎಲ್ಲೂ ಇರಲಿಲ್ಲ. 'ಎ', 'ದಿ' ಎಲ್ಲ ಅವುಗಳ ಜಾಗದಲ್ಲೇ ಇದ್ದವು.

ಆಕೆಯ ಇಮೇಲ್ ವಿಳಾಸಕ್ಕೆ ಬರೆದೆ. ನಾಲ್ಕು ಸಲ ಬರೆದು ಅಳಿಸಿದೆ. ನೋಡಿದರೆ ನನ್ನ ಪತ್ರದಲ್ಲೇ ದೊಡ್ಡ ದೊಡ್ಡ ಪದಗಳು ಬಂದು ಕೂತಿದ್ದವು, ಪಶ್ಚಾತ್ತಾಪಕ್ಕೆ ಅಡ್ಡ ನಿಂತ ಹಾಗೆ. ಕೊನೆಗೆ ಓದಿರಲಿಲ್ಲ, ಸುಳ್ಳು ಹೇಳಿದೆ, ಕ್ಷಮಿಸು ಎಂದಷ್ಟೇ ಕಳಿಸಿದೆ. ಮೆಲ್ಬರ್ನಿಗೆ ಬಂದು ಮೂರು ವಾರಕ್ಕೆ ಉತ್ತರ ಬಂತು, ಮಗಳಿಂದ. ತಾನು ಅಲ್ಲಿ ಎರಡು ವರ್ಷ ಹಿಂದಿನ ತರಗತಿಗೆ ಸೇರಬೇಕಾಯಿತು, ತನ್ನ ಚೀನೀ ಬರವಣಿಗೆ ಸಾಲದಂತೆ. ಅಮ್ಮ ಚೆನ್ನಾಗಿದ್ದಾರೆ. 'ಅಮ್ಮ ಈಗ ಇಂಗ್ಲಿಷ್ ಓದುವುದಿಲ್ಲ. ಚೀಟಿಗಳನ್ನೆಲ್ಲ ಅಲ್ಲೇ ಬಿಟ್ಟು ಬಂದರು. ನಿಮ್ಮ ಪತ್ರವನ್ನು ನಾನೇ ಚೀನೀ ಭಾಷೆಯಲ್ಲಿ ಹೇಳಿದೆ. ಕೇಳಿದರು, ಏನೂ ಹೇಳಲಿಲ್ಲ.' ಆಮೇಲೆ ನಾನು ಬರೆದದ್ದಕ್ಕೆ ಉತ್ತರವಿಲ್ಲ.

ಈಗ ಡ್ಯಾಂಡಿನಾಂಗ್‌ನಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಬರೆಯಲು ಕಲಿಸುತ್ತೇನೆ. ಪ್ರಾಯಶ್ಚಿತ್ತವೆಂದು ಯಾರಾದರೂ ಅಂದುಕೊಂಡರೆ ತಪ್ಪು. ಸಿಕ್ಕ ಕೆಲಸ, ಅಷ್ಟೇ. ದಣಿವು ಹೋಗಿಲ್ಲ. ಮೊನ್ನೆಯೂ ಒಂದು ಪ್ರಬಂಧದ ಕೊನೆಯ ಪ್ಯಾರಾ ಓದದೆ 'ಗುಡ್' ಎಂದು ಬರೆದುಬಿಟ್ಟೆ. ಆಮೇಲೆ ಕಟ್ಟಿನೊಳಗಿಂದ ಹುಡುಕಿ ತೆಗೆದು ಓದಿದೆ. ಪಾರ್ಕಿನಲ್ಲಿ ನಾಯಿ ಓಡಾಡಿಸುವ ಬಗ್ಗೆ ಇತ್ತು.

ನನ್ನ ಮಗಳಿಗೆ ಈಗ ಹದಿಮೂರು. ಅವಳಿಗೊಂದು ರೂಮು, ಇನ್ನೊಂದು ರೂಮು ಖಾಲಿ. ಬಂದವರಿಗೆಲ್ಲ ಮನೆ ತೋರಿಸುವಾಗ ನಮ್ಮ ಮನೆಯವರು ಆ ಬಾಗಿಲ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆ. ಒಮ್ಮೊಮ್ಮೆ, ಬಂದವರು ಹೋದ ಮೇಲೆ, ತಮಗೇ ಹೇಳಿಕೊಂಡಂತೆ ಅನ್ನುತ್ತಾರೆ: "ಎಪ್ಪಿಂಗ್‌ನ್ಯಾಗೂ ಒಂದು ರೂಮ್ ಖಾಲಿನ ಇತ್ತು ನೋಡು. ಗೊತ್ತಾಗಿದ್ರ ಇಟ್ಟಕೊಂತಿದ್ವಿ."

ಆಕೆ ಕೇಳಿದ್ದಳು.